ಬೆಂಚು ಎಲ್ಲಿಡಲಿ, ಮಕ್ಕಳನ್ನು ಎಲ್ಲಿ ಕೂರಿಸಲಿ? ಪ್ರಶಿಕ್ಷಣಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಪ್ರತಿ ವರ್ಷ ನಮ್ಮಲ್ಲಿಗೆ ಬಿ.ಇಡಿ. ಪ್ರಶಿಕ್ಷಣಾರ್ಥಿಗಳು, ಅಂದರೆ ಶಿಕ್ಷಕರಾಗಲು ಓದುತ್ತಿರುವವರು, ಇಂಟರ್ನ್‌ಶಿಪ್‌ಗೆ ಬರುತ್ತಾರೆ. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುವಾಗ, ರಾತ್ರಿ ಮೊಬೈಲಿನಲ್ಲಿ, ಮುಗಿಸಿ ಹೋದ ಮೇಲೂ ಅವರು ಕೇಳುವುದು ಪಾಠಕ್ಕಿಂತ ಜಾಸ್ತಿ ಜಾಗದ ವಿಚಾರವನ್ನೇ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಡಿ.ಇಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಓದುತ್ತಾ ಪ್ರಾಥಮಿಕ ಶಾಲೆಗೆ ಹೋಗುವವರು ಕೇಳಿದ್ದೂ ಒಂದೆರಡು ಇದೆ.

## ಮೊದಲ ವಾರ

ಮೇಡಂ, ನಾವು ನಾಲ್ಕು ತಿಂಗಳು ಇದ್ದು ಹೋಗುವವರು. ಇನ್ನೊಬ್ಬರ ಕ್ಲಾಸಿನ ಬೆಂಚು ಅಲುಗಾಡಿಸಬಹುದಾ?

ಕೇಳಿ ಅಲುಗಾಡಿಸಬಹುದು. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮದಂತೆ ಬಿ.ಇಡಿ. ಎರಡು ವರ್ಷದ್ದಾಯಿತು. ಶಾಲೆಯಲ್ಲಿ ಕಳೆಯುವ ಸಮಯವೂ 20 ವಾರಕ್ಕೆ ಏರಿತು. ಅದರಲ್ಲಿ ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಹದಿನಾರು ವಾರ ಅಂದರೆ ನೆಂಟರ ಹಾಗೆ ಬಂದು ಹೋಗುವ ಅವಧಿಯಲ್ಲ. ಹಾಗಂತ ಮನೆ ನಿಮ್ಮದೂ ಅಲ್ಲ.

ನಾನು ಎಲ್ಲರಿಗೂ ಹೇಳುವ ಕ್ರಮ ಒಂದೇ. ಮೊದಲು ನಿಮ್ಮ ಕಾಲು ಬಳಸಿ, ಅಂದರೆ ನೀವು ನಿಲ್ಲುವ ಜಾಗ ಬದಲಿಸಿ. ಅದು ಸಾಲದಿದ್ದರೆ ಮಕ್ಕಳ ಜಾಗ ಬದಲಿಸಿ. ಅದೂ ಸಾಲದಿದ್ದರೆ ಮಾತ್ರ ಬೆಂಚಿಗೆ ಕೈ ಹಾಕಿ. ಹೆಚ್ಚಿನವರು ಇದನ್ನು ತಿರುವು ಮುರುವು ಮಾಡುತ್ತಾರೆ. ಬೆಂಚನ್ನೆಲ್ಲ ಎಳೆದಾಡಿ ವೃತ್ತ ಮಾಡಿ, ಆಮೇಲೆ ತಾವು ಮಾತ್ರ ಬೋರ್ಡಿಗೆ ಅಂಟಿಕೊಂಡೇ ನಿಲ್ಲುತ್ತಾರೆ.

ಅನುಮತಿ ಕೇಳುವುದು ದೊಡ್ಡ ವಿಷಯವೇನಲ್ಲ. "ಮೇಡಂ, ನಾಳೆ ಎರಡನೇ ಪೀರಿಯಡ್‌ಗೆ ಬೆಂಚು ಸ್ವಲ್ಪ ತಿರುಗಿಸಿಕೊಳ್ಳಲಾ? ಮುಗಿದ ಮೇಲೆ ಇದ್ದ ಹಾಗೇ ಇಟ್ಟು ಹೋಗ್ತೀನಿ." ಈ ಎರಡನೇ ವಾಕ್ಯ ಹೇಳಿದರೆ ಬೇಡ ಅನ್ನುವವರು ಕಡಿಮೆ.

ಮೊದಲ ದಿನ ಖಾಲಿ ಕೊಠಡಿ ಸಿಕ್ಕರೆ ಏನು ನೋಡಬೇಕು?

ನಿಂತು ನೋಡಬೇಡಿ, ಕೂತು ನೋಡಿ. ಬೋರ್ಡಿನ ಮೇಲೆ ಒಂದು ಸಾಲು ಬರೆದು ಮೂರು ಕಡೆ ಹೋಗಿ ಕೂರಿ: ಕಿಟಕಿ ಪಕ್ಕದ ಮೊದಲ ಬೆಂಚು, ಬಾಗಿಲ ಕಡೆಯ ಕೊನೆಯ ಬೆಂಚು, ನಡುವಿನ ಯಾವುದಾದರೂ ಒಂದು. ಕೆಲವು ಜಾಗದಿಂದ ಬೋರ್ಡು ಹೊಳೆಯುತ್ತದೆಯೇ ಹೊರತು ಅಕ್ಷರ ಕಾಣುವುದಿಲ್ಲ. ಪೂರ್ವಕ್ಕೆ ಕಿಟಕಿ ಇದ್ದರೆ ಬೆಳಗಿನ ಮೊದಲ ಎರಡು ಪೀರಿಯಡ್ ಇದು ಇದ್ದಿದ್ದೇ. ಮಧ್ಯಾಹ್ನ ಅದೇ ಜಾಗ ಚೆನ್ನಾಗಿರುತ್ತದೆ. ಹಾಗಾಗಿ ನಿಮ್ಮ ಪೀರಿಯಡ್ ಯಾವ ಹೊತ್ತಿಗಿದೆಯೋ ಅದೇ ಹೊತ್ತಿಗೆ ಹೋಗಿ ನೋಡಿ.

ಮಳೆಗಾಲವಾದರೆ ಸೋರುವ ಜಾಗ ಯಾವುದು ಅಂತ ಕ್ಲಾಸ್ ಲೀಡರನ್ನು ಕೇಳಿ. ಬೇಸಿಗೆಯಾದರೆ ಫ್ಯಾನ್ ಯಾವ ಬೆಂಚಿಗೆ ಮುಟ್ಟುವುದಿಲ್ಲ ಅಂತ ಕೇಳಿ. ಒಮ್ಮೆ ಒಂಬತ್ತನೇ ತರಗತಿಯಲ್ಲಿ ಮೂರನೇ ಬೆಂಚಿನ ಒಂದು ತುದಿ ಯಾವಾಗಲೂ ಖಾಲಿ ಇರುತ್ತಿತ್ತು. ನಮ್ಮ ಪ್ರಶಿಕ್ಷಣಾರ್ಥಿ ದಿನಾ ಒಬ್ಬ ಹುಡುಗಿಯನ್ನು ಅಲ್ಲಿಗೆ ಸರಿಯಲು ಹೇಳುತ್ತಿದ್ದ. ಅವಳು ಸರಿದ ಹಾಗೆ ಮಾಡಿ ಮತ್ತೆ ವಾಪಸ್ ಬರುತ್ತಿದ್ದಳು. ಕೊನೆಗೆ ಕೂತು ನೋಡಿದ. ಎದ್ದ ಮೊಳೆ! ಅದರ ಮೇಲೆ ಮಡಚಿದ ರಟ್ಟು ಇಟ್ಟು ಮಕ್ಕಳೇ ಇಷ್ಟು ದಿನ ಸುಧಾರಿಸಿಕೊಂಡಿದ್ದರು. ಒಂದು ಕಲ್ಲು ತಂದು ಮೊಳೆ ಬಡಿದ, ಮುಗಿಯಿತು.

ಅರವತ್ತು ಮಕ್ಕಳ ಹೆಸರು ನೆನಪಿಟ್ಟುಕೊಳ್ಳುವುದು ಹೇಗೆ? ಆಸನ ನಕ್ಷೆ ಮಾಡಬೇಕಾ?

ಮಾಡಿ. ಎ4 ಹಾಳೆ ಅಡ್ಡ ಹಿಡಿದು ಬೆಂಚಿಗೊಂದು ಚೌಕ ಹಾಕಿ, ಪೆನ್ಸಿಲಿನಲ್ಲಿ ಹೆಸರು ಬರೆಯಿರಿ. ಪೆನ್ನು ಬೇಡ, ಯಾಕೆಂದರೆ ಎರಡೇ ದಿನದಲ್ಲಿ ಅರ್ಧ ಬದಲಾಗಿರುತ್ತದೆ. ಹೊಸ ಟೀಚರ್ ಅಂತ ಗೊತ್ತಾದರೆ ಮಕ್ಕಳು ಬೇಕಂತಲೇ ಹೆಸರು ಅದಲು ಬದಲು ಹೇಳುತ್ತಾರೆ. ನನಗೂ ಹೇಳಿದ್ದರು. ಒಂದು ವಾರ ಪೂರ್ತಿ ಒಬ್ಬನನ್ನು ಅವನ ಪಕ್ಕದವನ ಹೆಸರಿನಿಂದ ಕರೆದಿದ್ದೇನೆ. ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನಕ್ಷೆ ಬರೆದರೆ ಈ ಆಟ ನಡೆಯುವುದಿಲ್ಲ.

ಆ ಹಾಳೆಯಿಂದ ಇನ್ನೊಂದು ಉಪಯೋಗವಿದೆ. ನೀವು ಪ್ರಶ್ನೆ ಕೇಳಿದ ಮಗುವಿನ ಚೌಕದಲ್ಲಿ ಒಂದು ಚುಕ್ಕೆ ಇಡಲು ನಿಮ್ಮ ಪಾಠ ನೋಡುತ್ತಾ ಕೂತ ಗೆಳೆಯರಿಗೆ ಹೇಳಿ. ನಾಲ್ಕು ಪಾಠ ಆದ ಮೇಲೆ ಹಾಳೆ ನೋಡಿದರೆ ನಿಮಗೇ ನಾಚಿಕೆಯಾಗುತ್ತದೆ.

ಮೈಕ್ರೋ ಟೀಚಿಂಗ್‌ನಲ್ಲಿ ಓಡಾಡಿ ಓಡಾಡಿ ಅಂದರು. ಇಲ್ಲಿ ನೋಡಿದರೆ ಕಾಲಿಡಲು ಜಾಗವಿಲ್ಲ!

ಮೈಕ್ರೋ ಟೀಚಿಂಗ್ ಅಂದರೆ ಕಾಲೇಜಿನಲ್ಲಿ ಒಂದೊಂದೇ ಕೌಶಲ್ಯಕ್ಕೆ ಮಾಡುವ ಪುಟ್ಟ ಪಾಠದ ಅಭ್ಯಾಸ. ಅಲ್ಲಿ ಪ್ರಚೋದನಾ ಬದಲಾವಣೆ ಕೌಶಲ್ಯ, ಅಂದರೆ ಗಮನ ಹಿಡಿಯಲು ಜಾಗ, ದನಿ, ಹಾವಭಾವ ಬದಲಿಸುವುದು, ಅಭ್ಯಾಸ ಮಾಡುವಾಗ ನಿಮ್ಮ ಎದುರಿಗಿದ್ದವರು ಹತ್ತು ಜನ, ಅದೂ ಸಹಪಾಠಿಗಳು. ಅಲ್ಲಿ ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಅಂಕ ಸಿಗುತ್ತಿತ್ತು. ಇಲ್ಲಿ ಬೇಕಾಗಿರುವುದು ಬೆಂಚುಗಳ ನಡುವಿನ ದಾರಿ.

ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಸಾರಿನ ಬಕೆಟ್ ಹಿಡಿದವನು ಕೊನೆಯ ಎಲೆಯವರೆಗೆ ಯಾರ ಮೈಗೂ ತಾಗದೆ ಹೋಗುತ್ತಾನೆ. ನಿಮ್ಮ ದಾರಿಯೂ ಅಷ್ಟಿರಬೇಕು. ಒಂದೂವರೆ ಅಡಿಯಾದರೂ ಸಾಕು. ಮೂರು ಸಾಲು ಬೆಂಚಿದ್ದರೆ ಎರಡು ಗೋಡೆ ಪಕ್ಕ, ನಡುವೆ ಎರಡು, ಹೀಗೆ ನಾಲ್ಕು ಸಣ್ಣ ದಾರಿ ಇರುತ್ತವೆ. ಅಕ್ಕಪಕ್ಕದ ಸಾಲನ್ನು ಗೋಡೆಗೆ ತಾಗಿಸಿಬಿಟ್ಟರೆ ಎರಡೇ ದಾರಿ, ಆದರೆ ಓಡಾಡುವಷ್ಟು ಅಗಲ. ಗೋಡೆ ಬದಿಯ ಮಗು ಹೊರಗೆ ಬರಲು ಪಕ್ಕದವರು ಏಳಬೇಕಾಗುತ್ತದೆ ನಿಜ. ನನ್ನ ಲೆಕ್ಕದಲ್ಲಿ ಆ ನಷ್ಟ ಪರವಾಗಿಲ್ಲ. ನೀವು ಕೊನೆಯ ಬೆಂಚಿಗೆ ಹೋಗಲಾಗದ ಕ್ಲಾಸಿನಲ್ಲಿ ಅಲ್ಲಿನ ನೋಟ್ಸು ಯಾರೂ ನೋಡಿರುವುದಿಲ್ಲ.

ಇನ್ನೊಂದು ಮಾತು. ಓಡಾಡುತ್ತಲೇ ಪಾಠ ಹೇಳಬೇಡಿ. ಮಕ್ಕಳ ಕತ್ತು ಟೆನಿಸ್ ನೋಡುವವರ ಹಾಗೆ ಆಗುತ್ತದೆ. ಮುಖ್ಯವಾದದ್ದು ಹೇಳುವಾಗ ನಿಂತುಕೊಳ್ಳಿ, ಅವರು ಬರೆಯುವಾಗ ನಡೆಯಿರಿ.

## ಸಾಲು ಬೆಂಚಿನ ಸಂಸಾರ

ಡೆಸ್ಕು, ಬೆಂಚು ಎರಡೂ ಕಬ್ಬಿಣದ ಚೌಕಟ್ಟಿನಲ್ಲಿ ಸೇರಿಕೊಂಡಿವೆ. ಅಲ್ಲಾಡುವುದಿಲ್ಲ. ಗುಂಪು ಚಟುವಟಿಕೆ ಹೇಗೆ ಮಾಡಿಸಲಿ?

ಒಂದು ಬೆಂಚಿಗೆ ಮೂವರಿದ್ದರೆ ಅದೇ ಒಂದು ಗುಂಪು. ಇದಕ್ಕೆ ಏನನ್ನೂ ಸರಿಸಬೇಕಿಲ್ಲ. ಆರು ಜನ ಬೇಕಿದ್ದರೆ ಒಂದು, ಮೂರು, ಐದನೇ ಬೆಂಚಿನವರು ಕಾಲು ಹಿಂದಕ್ಕೆ ಹಾಕಿ ತಿರುಗಿ ಕೂರಲಿ. ಹಿಂದಿನವರ ಡೆಸ್ಕೇ ಇಬ್ಬರಿಗೂ ಮೇಜು. ಬೆಂಚಿಗೆ ಒರಗುವ ಹಲಗೆ ಇದ್ದರೆ ಮಾತ್ರ ಇದು ಕಷ್ಟ. ಆಗ ಓರೆಯಾಗಿ ತಿರುಗಿದರೆ ಸಾಕು, ಆದರೆ ಹತ್ತು ನಿಮಿಷ ಮೀರಬೇಡಿ. ಸೊಂಟ ನೋಯುತ್ತದೆ, ಗಲಾಟೆ ಶುರುವಾಗುತ್ತದೆ.

ಉದ್ದದ ಹಳೇ ಮರದ ಬೆಂಚಿನಲ್ಲಿ ಐದು ಜನ ಕೂತಿದ್ದರೆ ನಡುವಿನ ಮಗು ಯಾವಾಗಲೂ ಸಿಕ್ಕಿಬೀಳುತ್ತದೆ. ಅಲ್ಲಿ ಎರಡು ಮತ್ತು ಮೂರು ಅಂತ ಒಡೆಯಿರಿ. ಗುಂಪಿನ ಹಾಳೆ ಯಾರ ಕೈಯಲ್ಲಿದೆ ಅನ್ನುವುದನ್ನೂ ಗಮನಿಸಿ. ತುದಿಯಲ್ಲಿ ಕೂತವನ ಕೈಯಲ್ಲಿದ್ದರೆ ಮಿಕ್ಕವರು ಸುಮ್ನೆ ಕೂತಿರುತ್ತಾರೆ. ನಡುವಿನವರ ಕೈಗೆ ಕೊಡಿ.

ಬ್ಯಾಗುಗಳನ್ನು ಏನು ಮಾಡುವುದು? ದಾರಿಯ ತುಂಬ ಬ್ಯಾಗೇ.

ಡೆಸ್ಕಿನ ಕೆಳಗೆ, ಕಾಲಿನ ಹಿಂದೆ. ಅಲ್ಲಿ ಹಿಡಿಸದಿದ್ದರೆ ಹಿಂದಿನ ಗೋಡೆಯ ಬುಡದಲ್ಲಿ ಸಾಲಾಗಿ. ಪೀರಿಯಡ್ಡಿಗೆ ಬೇಕಾದ ಪುಸ್ತಕ, ಜಾಮೆಟ್ರಿ ಬಾಕ್ಸು ಮೊದಲೇ ತೆಗೆದಿಟ್ಟುಕೊಳ್ಳಲು ಹೇಳಿ, ಇಲ್ಲದಿದ್ದರೆ ನಿಮಿಷಕ್ಕೊಬ್ಬರು ಏಳುತ್ತಾರೆ. ಮಲೆನಾಡು, ಕರಾವಳಿಯ ಶಾಲೆಯಾದರೆ ಛತ್ರಿಗಳೂ ಸೇರುತ್ತವೆ. ಒದ್ದೆ ಛತ್ರಿ ಜಗಲಿಯಲ್ಲೇ ಇರಲಿ. ಒಳಗೆ ತಂದರೆ ಸಿಮೆಂಟಿನ ನೆಲ ಜಾರುತ್ತದೆ, ಮೊದಲು ಜಾರುವವರು ನೀವೇ.

ಲಾಸ್ಟ್ ಬೆಂಚಿನವರು ನಿಜವಾಗಲೂ ಕಲಿಯುವುದಿಲ್ವಾ, ಅಥವಾ ನಾವೇ ಕಲಿಸುವುದಿಲ್ವಾ?

ಎರಡನೆಯದು ಜಾಸ್ತಿ. ಆಡಮ್ಸ್ ಮತ್ತು ಬಿಡಲ್ ಅನ್ನುವ ಇಬ್ಬರು ಸಂಶೋಧಕರು ತರಗತಿಗಳನ್ನು ವಿಡಿಯೋ ಮಾಡಿ ನೋಡಿ 1970ರಲ್ಲಿ ಒಂದು ವಿಷಯ ತೋರಿಸಿದರು. ಮೇಷ್ಟ್ರ ಮಾತುಕತೆ ನಡೆಯುವುದು ಬಹುಪಾಲು ಮುಂದಿನ ಸಾಲು ಮತ್ತು ನಡುವಿನ ಪಟ್ಟಿಯಲ್ಲಿ ಕೂತವರ ಜೊತೆ. ಮೇಲೆ ಹೇಳಿದ ಚುಕ್ಕೆ ಹಾಳೆ ತೆಗೆದು ನೋಡಿ, ನಿಮ್ಮದೂ ಹಾಗೇ ಇರುತ್ತದೆ. ನನ್ನದೂ ಹಾಗೇ ಇತ್ತು. ಬಲಗೈಯಲ್ಲಿ ಬರೆಯುವವಳಾದ್ದರಿಂದ ಬೋರ್ಡಿನಿಂದ ತಿರುಗಿದಾಗಲೆಲ್ಲ ನನ್ನ ಮುಖ ಒಂದೇ ಕಡೆಗೆ ಹೋಗುತ್ತಿತ್ತು. ಆ ಕಡೆಯ ಸಾಲಿಗೆ ಚುಕ್ಕೆಯ ಮಳೆ, ಇನ್ನೊಂದು ಕಡೆಗೆ ಬರ.

ಇದಕ್ಕೆ ನಾನು ಮಾಡುವುದು ಎರಡು. ಪೀರಿಯಡ್ಡಿನ ಹತ್ತು ನಿಮಿಷ ಕೊನೆಯ ಬೆಂಚಿನ ಹಿಂದೆ ನಿಂತು ಪಾಠ ನಡೆಸುತ್ತೇನೆ, ಬೋರ್ಡಿನ ಮೇಲೆ ಮಕ್ಕಳು ಬರೆಯುತ್ತಾರೆ. ಆಗ ಕೊನೆಯ ಬೆಂಚೇ ಮೊದಲ ಬೆಂಚು. ಎರಡನೆಯದು, ಪ್ರತಿ ಸೋಮವಾರ ಎಲ್ಲರೂ ಒಂದು ಬೆಂಚು ಹಿಂದಕ್ಕೆ, ಕೊನೆಯವರು ಮುಂದಕ್ಕೆ. ಸಾಲಿಗೆ ಏಳು ಬೆಂಚಿದ್ದರೆ ಏಳು ವಾರಕ್ಕೆ ಒಂದು ಸುತ್ತು. ನಿಮ್ಮ 16 ವಾರದಲ್ಲಿ ಪ್ರತಿಯೊಬ್ಬರೂ ಎರಡು ಸಲವಾದರೂ ಮುಂದೆ ಬರುತ್ತಾರೆ. ಗಣಿತದವಳ ಲೆಕ್ಕ ಅಂತ ನಗಬೇಡಿ, ಮಕ್ಕಳು ಇದನ್ನು ನ್ಯಾಯ ಅಂತ ಒಪ್ಪುತ್ತಾರೆ. "ನೀನು ಮುಂದೆ ಬಾ" ಅಂತ ಒಬ್ಬನನ್ನೇ ಕರೆದರೆ ಅದು ಶಿಕ್ಷೆ. ಎಲ್ಲರೂ ಸರಿದರೆ ಅದು ಸೋಮವಾರ, ಅಷ್ಟೇ.

ಇಬ್ಬರು ಗೆಳೆಯರು ಮಾತು ನಿಲ್ಲಿಸುವುದೇ ಇಲ್ಲ. ಬೇರೆ ಮಾಡಲಾ?

ಮೊದಲು ಅವರ ಪಕ್ಕ ಹೋಗಿ ನಿಂತು ಪಾಠ ಮುಂದುವರಿಸಿ. ಹೆಸರು ಕರೆಯಬೇಡಿ, ಗದರಬೇಡಿ. ಹತ್ತರಲ್ಲಿ ಏಳು ಸಲ ಇಷ್ಟಕ್ಕೇ ಸರಿಹೋಗುವುದನ್ನು ನಾನು ಕಂಡಿದ್ದೇನೆ. ಆಮೇಲೂ ನಡೆದರೆ ಏನು ಮಾತಾಡುತ್ತಿದ್ದಾರೆ ಕೇಳಿಸಿಕೊಳ್ಳಿ. ಒಬ್ಬನಿಗೆ ಬೋರ್ಡು ಕಾಣದೆ ಇನ್ನೊಬ್ಬನನ್ನು ಕೇಳುತ್ತಿರಬಹುದು.

ಬೇರೆ ಮಾಡಲೇಬೇಕೆಂದರೆ ಪಾಠದ ಮಧ್ಯೆ ಬೇಡ. ಮಾರನೇ ದಿನ ಗುಂಪು ಮಾಡುವ ನೆಪದಲ್ಲಿ ಮಾಡಿ. ಮಾತುಗಾರನನ್ನು ಮಾತಾಡದವಳ ಪಕ್ಕ ಕೂರಿಸುವ ಹಳೇ ಉಪಾಯ ನನಗೆ ಇಷ್ಟವಿಲ್ಲ. ಆ ಸುಮ್ಮನಿರುವ ಮಗು ಏನು ತಪ್ಪು ಮಾಡಿತ್ತು?

ಎತ್ತರದವರು ಹಿಂದೆ, ಗಿಡ್ಡವರು ಮುಂದೆ. ಇದೇ ಸರಿ ಅಲ್ವಾ?

ಅರ್ಧ ಸರಿ. ಎತ್ತರದ ಹುಡುಗನಿಗೂ ಕಣ್ಣು ಮಂಜಾಗಿರಬಹುದು. ಅವನನ್ನು ಮುಂದಿನ ಬೆಂಚಿನ ಗೋಡೆ ತುದಿಗೆ ಕೂರಿಸಿದರೆ ಹಿಂದಿನವರಿಗೆ ಅಡ್ಡವಾಗುವುದಿಲ್ಲ. ಕಣ್ಣು ಕಿರಿದು ಮಾಡಿ ನೋಡುವವರು, ಬೋರ್ಡಿನ ಬದಲು ಪಕ್ಕದವರ ಪುಸ್ತಕ ನೋಡಿ ಬರೆಯುವವರು, ತಲೆನೋವು ಅನ್ನುವವರು ಸಿಕ್ಕರೆ ತರಗತಿ ಶಿಕ್ಷಕರಿಗೆ ತಿಳಿಸಿ. ಎಡಗೈಯಲ್ಲಿ ಬರೆಯುವ ಮಗು ಬೆಂಚಿನ ಎಡ ತುದಿಯಲ್ಲಿರಲಿ. ಇದೊಂದು ಸಣ್ಣ ಬದಲಾವಣೆಯಿಂದ ದಿನವಿಡೀ ನಡೆಯುವ ಮೊಣಕೈ ಜಗಳ ನಿಲ್ಲುತ್ತದೆ.

## ಆಕಾರ ಬದಲಿಸುವಾಗ

ಕೇರಳದಲ್ಲಿ ಲಾಸ್ಟ್ ಬೆಂಚೇ ಇಲ್ಲದ ಹಾಗೆ ಯು ಆಕಾರದಲ್ಲಿ ಕೂರಿಸಿದರಂತೆ. ನಾವೂ ಮಾಡೋಣ್ವಾ?

ಒಂದು ಮಲಯಾಳಂ ಸಿನಿಮಾ ನೋಡಿ 2025ರಲ್ಲಿ ಕೇರಳದ ಕೆಲವು ಶಾಲೆಗಳು ಹಾಗೆ ಮಾಡಿದವು. ಅದೇ ವರ್ಷ ತಮಿಳುನಾಡಿನ ಶಿಕ್ಷಣ ಇಲಾಖೆಯೂ ಅವರ ಲಿಪಿಯ 'ಪ' ಅಕ್ಷರದ (ப) ಹಾಗೆ ಕೂರಿಸಿ ಅಂದಿತು, ಅದೂ ಯು ಆಕಾರವೇ. ಸದಾ ಪಕ್ಕಕ್ಕೆ ತಿರುಗಿ ಬೋರ್ಡು ನೋಡಿದರೆ ಮಕ್ಕಳ ಕುತ್ತಿಗೆಯ ಗತಿ ಏನು ಅಂತ ತಕ್ಷಣ ಪ್ರಶ್ನೆಯೂ ಬಂತು. ಪ್ರಶ್ನೆ ನ್ಯಾಯವಾದದ್ದೇ.

ಕನ್ನಡದಲ್ಲಿ ಇದನ್ನು ಲಾಳದ ಆಕಾರ ಅನ್ನಬಹುದು. ಹಿಡಿಸುತ್ತದೋ ಇಲ್ಲವೋ ಅಳೆದು ನೋಡಿ. ಕೊಠಡಿ 24 ಅಡಿ ಉದ್ದ, 20 ಅಡಿ ಅಗಲ ಅಂದುಕೊಳ್ಳಿ. ಬೋರ್ಡಿನ ಮುಂದೆ ಐದಡಿ ಬಿಟ್ಟರೆ ಉದ್ದದ ಗೋಡೆಗಳಿಗೆ 19 ಅಡಿ ಉಳಿಯಿತು. ನಾಲ್ಕಡಿ ಬೆಂಚಾದರೆ ಒಂದೊಂದು ಗೋಡೆಗೆ ನಾಲ್ಕು. ಹಿಂದಿನ ಗೋಡೆಯಲ್ಲಿ ಎರಡೂ ಮೂಲೆಗೆ ಮೂರು ಮೂರಡಿ ಹೋಗಿ ಮೂರು ಬೆಂಚು. ಒಟ್ಟು ಹನ್ನೊಂದು ಬೆಂಚು, ಮೂವರಂತೆ 33 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ಹೇಳುವ ಪ್ರಮಾಣ 35 ಮಕ್ಕಳಿಗೆ ಒಬ್ಬ ಶಿಕ್ಷಕರು. ಅಷ್ಟೇ ಮಕ್ಕಳಿದ್ದರೂ ಲಾಳ ಬಿಗಿಯಾಗಿಯೇ ಇರುತ್ತದೆ. ಅರವತ್ತು ಮಕ್ಕಳಿದ್ದರೆ ಲಾಳದೊಳಗೆ ಇನ್ನೊಂದು ಲಾಳ ಬೇಕು. ಆಗ ಹೊರಗಿನ ಲಾಳದವರೇ ಹೊಸ ಲಾಸ್ಟ್ ಬೆಂಚು.

ಹಾಗಾಗಿ ಚರ್ಚೆ, ಕವನ ವಾಚನ, ಸಂಭಾಷಣೆ ಇರುವ ದಿನ ಲಾಳ ಮಾಡಿ. ಬೋರ್ಡಿನಿಂದ ಬರೆಯುವ ದಿನ ಬೇಡ.

ಯಾವ ಪಾಠಕ್ಕೆ ಯಾವ ಆಕಾರ? ಒಂದು ಪಟ್ಟಿ ಕೊಟ್ಟುಬಿಡಿ.

ಪಟ್ಟಿ ಕೊಟ್ಟರೆ ನೀವು ಅದನ್ನು ಪಾಠ ಯೋಜನೆಗೆ ಇಳಿಸಿಕೊಂಡು ಬರುತ್ತೀರಿ, ಹಾಗಾಗಿ ಕೊಡುವುದಿಲ್ಲ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಇಪ್ಪತ್ತು ನಿಮಿಷ ಮಗು ಯಾರ ಮುಖ ನೋಡಬೇಕು? ಬೋರ್ಡಾದರೆ ಸಾಲು. ಗೆಳೆಯರದ್ದಾದರೆ ಗುಂಪು. ಎಲ್ಲರದ್ದೂ ಆದರೆ ಲಾಳ ಅಥವಾ ವೃತ್ತ. ತನ್ನ ಪುಸ್ತಕವಾದರೆ ಮತ್ತೆ ಸಾಲೇ.

ಸಾಲು ಅಂದರೆ ಹಳೇ ಕಾಲದ್ದು, ಗುಂಪು ಅಂದರೆ ಪ್ರಗತಿಪರ ಅನ್ನುವ ಭಾವನೆ ನಮ್ಮ ಬಿ.ಇಡಿ. ಕಾಲೇಜುಗಳಲ್ಲಿ ಬೇರೂರಿದೆ. ಇದನ್ನು ನಾನು ಒಪ್ಪುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವನ್ನಾರ್ಕಾ ಮತ್ತು ರೂಲ್ 2008ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ: ಒಬ್ಬೊಬ್ಬರೇ ಮಾಡುವ ಕೆಲಸಕ್ಕೆ ಸಾಲು ಚೆನ್ನ, ಅದರಲ್ಲೂ ಗಮನ ಬೇಗ ಚದುರುವ ಮಕ್ಕಳಿಗೆ. ಮಾತಾಡಿ ಮಾಡುವ ಕೆಲಸಕ್ಕೆ ಹತ್ತಿರ ಕೂರುವುದು ಚೆನ್ನ. ಗುಂಪಾಗಿ ಕೂರಿಸಿ "ಮಾತಾಡದೆ ಲೆಕ್ಕ ಮಾಡಿ" ಅನ್ನುವುದು, ಹೋಳಿಗೆ ಬಡಿಸಿ ಮುಟ್ಟಬೇಡ ಅಂದ ಹಾಗೆ.

ಬೆಂಚು ಸರಿಸುವುದರಲ್ಲೇ ಹತ್ತು ನಿಮಿಷ ಹೋಯಿತು. ಪಕ್ಕದ ಕ್ಲಾಸಿನ ಸರ್ ಬಂದು ಬೈದರು. ಏನು ಮಾಡಲಿ?

ಮೊದಲು ಆ ಸರ್ ಹತ್ತಿರ ಹೋಗಿ ಸಾರಿ ಕೇಳಿ. ಆಮೇಲೆ ಮಕ್ಕಳಿಗೆ ಅಭ್ಯಾಸ ಮಾಡಿಸಿ. ಪಾಠವಿಲ್ಲದ ಒಂದು ಹದಿನೈದು ನಿಮಿಷ ಇದಕ್ಕೇ ಇಡಿ, ಶನಿವಾರ ಒಳ್ಳೆಯದು. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಬೆಂಚಿನ ಕಾಲು ಬರುವ ಜಾಗಕ್ಕೆ ಗುರುತು ಹಾಕಿ. ಎಳೆಯಬಾರದು, ಎತ್ತಬೇಕು: ಒಂದು ಬೆಂಚಿಗೆ ಇಬ್ಬರು, ಎರಡು ತುದಿಗೆ. ಕಿವಿಗೆ ಹಿಂಸೆಯಾಗುವ ಕಿರ್ ಸದ್ದು ಬರುವುದು ಎಳೆದಾಗ ಮಾತ್ರ. ಎಲ್ಲ ಬೆಂಚೂ ಒಟ್ಟಿಗೆ ಬೇಡ, ಕಿಟಕಿ ಸಾಲು ಮೊದಲು, ಬಾಗಿಲ ಸಾಲು ಕೊನೆಗೆ.

ಒಂದು ವರ್ಷ ನಮ್ಮ ಎಂಟನೇ ತರಗತಿಯವರು ಮೊದಲ ಸಲ ತೆಗೆದುಕೊಂಡಿದ್ದು ಏಳು ನಿಮಿಷ. ನಾಲ್ಕನೇ ಸಲ ಎರಡೂಕಾಲು. ಗಡಿಯಾರ ಹಿಡಿದು ನಿಂತವನು ಅದೇ ತರಗತಿಯ ಅತಿ ತುಂಟ ಹುಡುಗ. ಅವನಿಗೆ ಆ ಕೆಲಸ ಕೊಟ್ಟಿದ್ದರಿಂದಲೇ ಎರಡೂಕಾಲಕ್ಕೆ ಇಳಿಯಿತು ಅಂತ ನನ್ನ ಗುಮಾನಿ.

ವಾಪಸ್ ಇಡಲೂ ಅಷ್ಟೇ ಸಮಯ ಬೇಕು. ಹಾಗಾಗಿ ಬೆಲ್ಲಿಗೆ ನಾಲ್ಕು ನಿಮಿಷ ಇರುವಾಗಲೇ ಪಾಠ ನಿಲ್ಲಿಸಿ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಆರು ನಿಮಿಷ ಬೆಂಚಿಗೇ ಹೋಗುತ್ತದೆ. ಅಷ್ಟು ಕೊಡುವ ಚಟುವಟಿಕೆಯಾ ಅಂತ ಹಿಂದಿನ ದಿನವೇ ಯೋಚಿಸಿ.

ವಿಜ್ಞಾನದ ಪ್ರಯೋಗ ತೋರಿಸುವಾಗ ಎಲ್ಲರೂ ಮೇಜಿನ ಮೇಲೆ ಮುಗಿಬೀಳುತ್ತಾರೆ.

ಬಯಲಾಟ ನೋಡಿದ್ದೀರಲ್ವಾ? ಮುಂದಿನವರು ನೆಲದ ಮೇಲೆ, ಅವರ ಹಿಂದೆ ಬೆಂಚಿನ ಮೇಲೆ, ಅದರ ಹಿಂದೆ ನಿಂತವರು. ಮೂರು ಕಡೆ ಜನ, ಒಂದು ಕಡೆ ಆಟ. ಹಾಗೇ ಮಾಡಿ. ಮೇಜನ್ನು ಗೋಡೆಯಿಂದ ನಾಲ್ಕಡಿ ಮುಂದೆ ತನ್ನಿ, ಮೇಜಿನಿಂದ ಮೂರಡಿ ದೂರಕ್ಕೆ ಚಾಕಿನ ಗೆರೆ ಎಳೆಯಿರಿ. ಗೆರೆ ದಾಟುವಂತಿಲ್ಲ. ಆಮ್ಲ, ಸ್ಪಿರಿಟ್ ದೀಪ ಇದ್ದರೆ ನೆಲದ ಮೇಲೆ ಯಾರನ್ನೂ ಕೂರಿಸಬೇಡಿ, ಚೆಲ್ಲಿದರೆ ಮುಖಕ್ಕೇ ಬೀಳುತ್ತದೆ. ಆಗ ಎರಡು ತಂಡ ಮಾಡಿ ಎರಡು ಸಲ ತೋರಿಸಿ.

ನಮಗೆ ಸಿಕ್ಕಿದ್ದು ನಲಿಕಲಿ ತರಗತಿ. ಮಕ್ಕಳು ನೆಲದ ಮೇಲೆ ಎಲ್ಲೆಲ್ಲೋ ಕೂತಿದ್ದಾರೆ. ನಾನು ಎಲ್ಲಿ ನಿಲ್ಲಬೇಕು?

ನಿಲ್ಲಬಾರದು, ಕೂರಬೇಕು. ನಲಿಕಲಿ ಅಂದರೆ ಸರ್ಕಾರಿ ಶಾಲೆಯ ಪುಟ್ಟ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ. ನಲಿಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದಾಗಲೇ ಮೇಷ್ಟ್ರ ಕುರ್ಚಿಯನ್ನು ಪಕ್ಕಕ್ಕೆ ಸರಿಸಿತ್ತು. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಇರುತ್ತಾರೆ, ತರಗತಿಯ ಪ್ರಕಾರ ಅಲ್ಲ, ಕಲಿಕಾ ಏಣಿಯಲ್ಲಿ, ಅಂದರೆ ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆದ ಪಟ್ಟಿಯಲ್ಲಿ, ಎಲ್ಲಿದ್ದಾರೋ ಅದರ ಪ್ರಕಾರ ಕೂರುತ್ತಾರೆ. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರಿಂದ ಹಿಡಿದು ಸ್ವಂತವಾಗಿ ಕಲಿಯುವವರವರೆಗೆ ಐದು ಗುಂಪು. "ಎಲ್ಲೆಲ್ಲೋ" ಅಂತ ನಿಮಗೆ ಕಂಡಿದ್ದಕ್ಕೆ ಲೆಕ್ಕವಿದೆ.

ನಿಮ್ಮ ಚಾಪೆ ಮೊದಲ ಗುಂಪಿನ ಹತ್ತಿರ. ಬೆನ್ನು ಗೋಡೆಗೆ ಕೊಟ್ಟು ಕೂರಿ, ಉಳಿದ ನಾಲ್ಕು ಗುಂಪೂ ಕಣ್ಣಿಗೆ ಬೀಳುತ್ತಿರಲಿ. ಗೋಡೆಯ ತಗ್ಗಿನ ಕಪ್ಪು ಹಲಗೆ ಮಕ್ಕಳದ್ದು, ಅದರ ಮುಂದೆ ಏನೂ ಇಡಬೇಡಿ. ಮೇಲೆ ದಾರ ಕಟ್ಟಿ ಮಕ್ಕಳ ಕೆಲಸ ನೇತುಹಾಕುವ ಚಪ್ಪರವನ್ನೂ ನೋಡಿಕೊಳ್ಳಿ. ನಮ್ಮ ಎತ್ತರದವರಿಗೆ ಅದು ತಲೆಗೆ ತಾಗುತ್ತದೆ, ಬಗ್ಗಿ ನಡೆಯುವುದು ಅಭ್ಯಾಸವಾಗುತ್ತದೆ.

ನಾಲ್ಕು, ಐದನ್ನು ಒಂದೇ ಕೊಠಡಿಯಲ್ಲಿ ಕೂರಿಸಿರುವ ಶಾಲೆ ಸಿಕ್ಕರೆ ಬೆನ್ನಿಗೆ ಬೆನ್ನು ಮಾಡಿ: ಒಂದು ತರಗತಿ ಮೂಡಣ ಗೋಡೆಗೆ, ಇನ್ನೊಂದು ಪಡುವಣ ಗೋಡೆಗೆ ಮುಖ. ಎರಡು ಬೋರ್ಡು, ಒಬ್ಬರೇ ಟೀಚರ್. ಒಂದು ಕಡೆ ಬರೆಯುವ ಕೆಲಸ ಕೊಟ್ಟು ಇನ್ನೊಂದು ಕಡೆ ಮಾತಾಡಿ. ಎರಡೂ ಕಡೆ ಒಟ್ಟಿಗೆ ಮಾತಿನ ಪಾಠ ಇಟ್ಟರೆ ಸಂತೆಯಾಗುತ್ತದೆ.

## ಮುಜುಗರದ ಪ್ರಶ್ನೆಗಳು

ಹುಡುಗ ಹುಡುಗಿಯರನ್ನು ಬೆರೆಸಿ ಕೂರಿಸಬಹುದಾ? ಪಾಲಕರು ಗಲಾಟೆ ಮಾಡಿದರೆ?

ಬೆಂಚಿನಲ್ಲಿ ಬೆರೆಸಲು ಹೋಗಬೇಡಿ, ಗುಂಪಿನಲ್ಲಿ ಬೆರೆಸಿ. ಒಂದು ಬೆಂಚು ಹುಡುಗಿಯರು, ಎದುರು ಬೆಂಚು ಹುಡುಗರು, ನಡುವೆ ಡೆಸ್ಕು. ಇದಕ್ಕೆ ಯಾರೂ ತಕರಾರು ಎತ್ತಿದ್ದು ನನಗೆ ನೆನಪಿಲ್ಲ. ಹುಡುಗಿಯರ ಸಾಲು ಯಾವಾಗಲೂ ಗೋಡೆ ಕಡೆಗೇ ಇದೆಯಾ ನೋಡಿ. ಎಷ್ಟೋ ಕಡೆ ಹಾಗಿರುತ್ತದೆ, ನಡುಸಾಲು ಹುಡುಗರದ್ದು. ತಿಂಗಳಿಗೊಮ್ಮೆ ಸಾಲು ಅದಲು ಬದಲು ಮಾಡಿ. "ಹುಡುಗಿಯರ ಮಧ್ಯೆ ಕೂರಿಸ್ತೀನಿ ನೋಡು" ಅಂತ ಹುಡುಗನಿಗೆ ಹೆದರಿಸುವುದನ್ನು ಮಾತ್ರ ಯಾವತ್ತೂ ಮಾಡಬೇಡಿ.

ಒಂದು ಮಗುವಿನ ಪಕ್ಕ ಯಾರೂ ಕೂರುತ್ತಿಲ್ಲ. ಜಾತಿ ಕಾರಣ ಇರಬಹುದು ಅನ್ನಿಸುತ್ತಿದೆ. ಹೇಗೆ ಕೇಳಲಿ?

ತರಗತಿಯ ಎದುರು ಕೇಳಲೇಬೇಡಿ. ಆ ಮಗುವಿಗೆ ಆಗುವ ಅವಮಾನ ಎರಡು ಪಟ್ಟಾಗುತ್ತದೆ. ಆದರೆ ನೋಡಿಯೂ ನೋಡದ ಹಾಗೆ ಇರುವುದೂ ತಪ್ಪು. ಮೂರ್ನಾಲ್ಕು ದಿನ ಗಮನಿಸಿ: ಬಿಸಿಯೂಟಕ್ಕೆ ಯಾರ ಪಕ್ಕ ಕೂರುತ್ತದೆ, ನೀರಿನ ಬಾಟಲಿ ಯಾರ ಜೊತೆ ಹಂಚಿಕೊಳ್ಳುತ್ತದೆ, ಆಟದಲ್ಲಿ ಯಾರು ಕೈ ಹಿಡಿಯುತ್ತಾರೆ. ಕೆಲವೊಮ್ಮೆ ಕಾರಣ ಬೇರೆಯೇ ಇರುತ್ತದೆ. ಮಗು ಹೊಸದಾಗಿ ಸೇರಿರಬಹುದು, ಹೇನಿನ ಸಮಸ್ಯೆ ಇರಬಹುದು.

ಜಾತಿಯೇ ಕಾರಣ ಅನ್ನಿಸಿದರೆ ಒಬ್ಬರೇ ಹೊತ್ತುಕೊಳ್ಳಬೇಡಿ. ಮುಖ್ಯ ಶಿಕ್ಷಕರಿಗೂ ನಿಮ್ಮ ಕಾಲೇಜಿನ ಮೇಲ್ವಿಚಾರಕರಿಗೂ ಹೇಳಿ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೆಗೆದುಹಾಕಿದೆ, ಇದು ಶಾಲೆಯ ಇಷ್ಟಾನಿಷ್ಟದ ಮಾತಲ್ಲ. ತರಗತಿಯೊಳಗೆ ನಿಮ್ಮ ಕೈಲಿರುವುದು ಚೀಟಿ. ವಾರಕ್ಕೊಮ್ಮೆ ಡಬ್ಬಿಯಿಂದ ನಂಬರ್ ಎತ್ತಲಿ, ಆ ನಂಬರಿನ ಬೆಂಚಿಗೆ ಹೋಗಲಿ. ಬದಲಿಸಿಕೊಳ್ಳುವ ಹಾಗಿಲ್ಲ, ಯಾರಿಗೂ. ಆ ವಾರವಿಡೀ ಗುಂಪಿನ ಕೆಲಸ ಜಾಸ್ತಿ ಇಡಿ. ನೀವೂ ಆ ಮಗುವಿನ ಬೆಂಚಿನಲ್ಲಿ ದಿನಕ್ಕೆ ಐದು ನಿಮಿಷ ಕೂತು ನೋಟ್ಸು ನೋಡಿ. ಟೀಚರ್ ಎಲ್ಲಿ ಕೂರುತ್ತಾರೆ ಅನ್ನುವುದನ್ನು ಮಕ್ಕಳು ನಿಮಗಿಂತ ಚೆನ್ನಾಗಿ ಗಮನಿಸುತ್ತಾರೆ.

ಗಾಲಿಕುರ್ಚಿಯ ಮಗು, ಕಿವಿ ಮಂದವಾದ ಮಗು ಇದ್ದರೆ?

ಗಾಲಿಕುರ್ಚಿ ತಿರುಗಲು ಸುಮಾರು ಐದಡಿ ಜಾಗ ಬೇಕು. ಬಾಗಿಲ ಹತ್ತಿರ ಮೊದಲ ಬೆಂಚಿನ ಜಾಗವನ್ನು ಖಾಲಿ ಮಾಡಿ, ಅಕ್ಕಪಕ್ಕ ಗೆಳೆಯರ ಬೆಂಚು ಇರಲಿ. ಬಾಗಿಲಲ್ಲೇ ಒಂಟಿಯಾಗಿ ನಿಲ್ಲಿಸಬೇಡಿ. ಗುಂಪು ಮಾಡುವಾಗ ಗುಂಪು ಅವನ ಹತ್ತಿರ ಬರಲಿ.

ಕಿವಿ ಮಂದವಾದ ಮಗುವಿಗೆ ಮುಂದೆ ಕೂರಿಸಿದರೆ ಸಾಲದು, ನಿಮ್ಮ ತುಟಿ ಕಾಣಬೇಕು. ಕಿಟಕಿಗೆ ಬೆನ್ನು ಹಾಕಿ ನಿಂತರೆ ನಿಮ್ಮ ಮುಖ ಕಪ್ಪಗೆ ಕಾಣುತ್ತದೆ, ತುಟಿ ಕಾಣುವುದಿಲ್ಲ. ಬೋರ್ಡಿಗೆ ಮುಖ ಮಾಡಿ ಮಾತಾಡಿದರೂ ಅಷ್ಟೇ. ಒಂದು ಕಿವಿ ಚೆನ್ನಾಗಿದ್ದರೆ ಅದು ತರಗತಿಯ ಕಡೆಗೆ ತಿರುಗಿರಲಿ, ಗೋಡೆಯ ಕಡೆಗಲ್ಲ. ಸೋಮವಾರದ ಸುತ್ತಿನಿಂದ ಈ ಮಕ್ಕಳಿಗೆ ವಿನಾಯಿತಿ. ಯಾವ ಜಾಗ ಅನುಕೂಲ ಅಂತ ಮಗುವನ್ನೇ ಕೇಳಿ, ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಗಲಾಟೆ ಮಾಡಿದವನನ್ನು ಹೊರಗೆ ನಿಲ್ಲಿಸಿದೆ. ತಪ್ಪಾ?

ತಪ್ಪು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅದು ಬಿಡಿ, ಹೊರಗೆ ನಿಂತ ಮಗುವಿಗೆ ಏನಾದರೂ ಆದರೆ ಉತ್ತರ ಕೊಡಬೇಕಾದವರು ನೀವು. ಒಂದು ಖಾಲಿ ಜಾಗವನ್ನು "ಶಾಂತವಾಗಿ ಕೂರುವ ಜಾಗ" ಅಂತ ಇಟ್ಟುಕೊಳ್ಳಬಹುದು. ಮೂರೇ ನಿಮಿಷ, ಬೋರ್ಡು ಕಾಣುವ ಹಾಗೆ, ವಾಪಸ್ ಬರುವ ದಾರಿ ಮುಕ್ತವಾಗಿ.

## ವೀಕ್ಷಣೆ ಮತ್ತು ದಾಖಲೆ

ಪಾಠ ಯೋಜನೆಯಲ್ಲಿ ಆಸನ ವ್ಯವಸ್ಥೆ ಎಲ್ಲಿ ಬರೆಯಬೇಕು? ಕಾಲಂ ಇಲ್ವಲ್ಲ.

ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ ಅಂತ ಎರಡು ಕಾಲಂ ಇರುತ್ತವೆ. ಬದಲಾವಣೆ ಆಗುವ ಹಂತದಲ್ಲಿ ಒಂದೇ ಸಾಲು ಬರೆಯಿರಿ: "ಬೆಸ ಸಂಖ್ಯೆಯ ಬೆಂಚಿನವರು ಹಿಂದಕ್ಕೆ ತಿರುಗುವರು, 1 ನಿಮಿಷ. ಶಿಕ್ಷಕಿ ಬಾಗಿಲ ಕಡೆಯ ಸಾಲಿನ ಕೊನೆಯಲ್ಲಿ." ಸಮಯ ಬರೆಯುವುದನ್ನು ಮರೆಯಬೇಡಿ.

ನಮ್ಮ ಲೆಕ್ಚರರ್ ವೀಕ್ಷಣೆಗೆ ಬರುವ ದಿನ ವೃತ್ತಾಕಾರ ಮಾಡಿದರೆ ಅಂಕ ಜಾಸ್ತಿ ಸಿಗುತ್ತಾ?

ಸಿಕ್ಕರೂ ಸಿಗಬಹುದು. ಆದರೆ ಆವತ್ತೇ ಮೊದಲ ಸಲ ಮಾಡಿದ್ದು ಅಂತ ಅವರಿಗೆ ಗೊತ್ತಾಗದೇ ಇರುವುದಿಲ್ಲ. ಮಕ್ಕಳು "ಇವತ್ತೇನ್ ಮಿಸ್, ಹಿಂಗೆ?" ಅಂತ ಜೋರಾಗಿ ಕೇಳಿಬಿಡುತ್ತಾರೆ. ನಮ್ಮ ಶಾಲೆಯಲ್ಲೇ ನಡೆದಿದ್ದು. ಅದಕ್ಕಿಂತ ವೀಕ್ಷಕರು ಎಲ್ಲಿ ಕೂರುತ್ತಾರೆ ಅನ್ನುವುದನ್ನು ಯೋಚಿಸಿ. ಅವರು ಬಂದ ತಕ್ಷಣ ಕೊನೆಯ ಬೆಂಚಿನ ಮಕ್ಕಳನ್ನು ಎಬ್ಬಿಸಿ ಮುಂದೆ ತುರುಕುತ್ತೀರಿ, ನಾಲ್ಕು ಜನರ ಬೆಂಚಿಗೆ ಆರಾಗುತ್ತಾರೆ, ಅಲ್ಲಿಂದಲೇ ತಳ್ಳಾಟ ಶುರು. ಹಿಂದಿನ ದಿನವೇ ಸ್ಟಾಫ್ ರೂಮಿನಿಂದ ಒಂದು ಕುರ್ಚಿ ತಂದು ಹಿಂದಿನ ಮೂಲೆಯಲ್ಲಿ ಇಟ್ಟುಬಿಡಿ.

ನಾನು ಚೆನ್ನಾಗಿ ಜೋಡಿಸಿದ್ದನ್ನು ತರಗತಿ ಶಿಕ್ಷಕರು ಮಾರನೇ ದಿನವೇ ಹಳೇ ಥರ ಮಾಡಿಸಿದರು. ಬೇಜಾರಾಯಿತು.

ಬೇಜಾರಾಗುವುದು ಸಹಜ. ಆದರೆ ಕೇಳಿದಿರಾ ಯಾಕೆ ಅಂತ? ನಾನೂ ಒಬ್ಬಳು ಪ್ರಶಿಕ್ಷಣಾರ್ಥಿಯ ಜೋಡಣೆಯನ್ನು ಹೀಗೇ ತೆಗೆಸಿದ್ದೇನೆ. ಮಾರನೇ ದಿನ ಪರೀಕ್ಷೆ ಇತ್ತು, ಬೆಂಚಿಗೆ ನಂಬರ್ ಅಂಟಿಸಬೇಕಿತ್ತು. ಅವಳಿಗೆ ಹೇಳಲು ನಾನು ಮರೆತೆ. ಅವಳು ಮೂರು ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ. ನಾಲ್ಕನೇ ದಿನ ತನ್ನ ಆಸನ ನಕ್ಷೆ ತಂದು ಮೇಜಿನ ಮೇಲಿಟ್ಟು, "ಮೇಡಂ, ಈ ಹುಡುಗ ಇಲ್ಲಿ ಕೂತ್ರೆ ಬರೀತಾನೆ, ಅಲ್ಲಿ ಕೂತ್ರೆ ಬರೆಯಲ್ಲ, ನೋಡಿ" ಅಂದಳು. ಮೂರು ವಾರದ ಅವನ ನೋಟ್ಸು ಜೊತೆಗಿತ್ತು. ಕಿಟಕಿ ಪಕ್ಕ ಇದ್ದ ವಾರದ ಹಾಳೆಗಳು ಅರ್ಧ ಖಾಲಿ. ನಡುವಿನ ಸಾಲಿಗೆ ಬಂದ ವಾರದವು ತುಂಬಿದ್ದವು. ಆ ಹುಡುಗನನ್ನು ಅವತ್ತೇ ನಡುಸಾಲಿಗೆ ತಂದೆ. ಕನ್ನಡಕ ಬಂದಿದ್ದು ಆಮೇಲೆ, ಡಿಸೆಂಬರಿನಲ್ಲಿ.